ಒಂಟಿ ಸೀನು

ಬ್ಯಾಡಗಿಯೊಳಗ ಗಾಳಿಗೂ ಬಣ್ಣ ಐತಿ.
ಜನವರಿ ಬಂತಂದ್ರ ಅಂಗಡಿ ಬಾಗಿಲು ತೆಗೆದವ
ಮೊದಲು ಕೆಮ್ಮತಾನ, ಆಮ್ಯಾಲೆ ದೇವರಿಗೆ ಕೈ ಮುಗಿತಾನ.
ಮಾರ್ಕೆಟ್ ಗೇಟಿನ ಎದುರಿಗೆ ನನ್ನ ಮೊಬೈಲ್ ರಿಪೇರಿ.
ಬಿಚ್ಚಿದ ಪ್ರತಿ ಸ್ಪೀಕರಿನ ಜಾಳಗಿಯೊಳಗ
ಚಿಟಿಕೆ ಕೆಂಪು ಹುಡಿ.
ಬ್ರಶ್ಶಿನಿಂದ ಒರಸಿದರ
ಊರು ಮತ್ತ ಮಾತಾಡತೈತಿ.

ದಾವಲಮಲಿಕ ಹಮಾಲಿ ಮಾಡಾವ,
ಹೆಸರಿಟ್ಟುಕೊಂಡದ್ದು ಎಂಸಿ ಕಡ್ಡಿ.
ಡಬ್ಬಿ ಮೆಣಸಿನಕಾಯಿ ದುಂಡಗ, ಕಡ್ಡಿ ಸಪೂರ.
ಇವನೂ ಸಪೂರ, ಸುಕ್ಕೊಂದು ಇನ್ನೂ ಬಿದ್ದಿಲ್ಲ.
ರ‍್ಯಾಪ್ ಅಂದಮ್ಯಾಲೆ ಖಾರ ಇರಬೇಕಲೇ, ಅಂದೆ.
ಖಾರ ಗುಂಟೂರಿಂದು ಅಣ್ಣಾ,
ನಮ್ಮದು ಬಣ್ಣ.
ಹತ್ತಿದ್ರ ಹೋಗಂಗಿಲ್ಲ, ಅಂದ.

ಗೋದಾಮಿನೊಳಗ ರಾತ್ರಿ ರೆಕಾರ್ಡಿಂಗು.
ಸುತ್ತ ಚೀಲದ ಗ್ವಾಡಿ ಕಟ್ಟಿದರ
ಹೋದ ದನಿ ತಿರುಗಿ ಬರಂಗಿಲ್ಲ.
ಚೀಲ ನೆಲಕ್ಕ ಬಿದ್ದ ಧಪ್ಪು ನಮ್ಮ ಬೇಸು,
ಬಾಯಿ ಹೊಲಿಯೋ ಮಷೀನಿನ ಕರ್‌ಕರ್ ಮ್ಯಾಲಿನ ತಾಳ,
ನಡುನಡುವ ತಕ್ಕಡಿಯ ಬೀಪು.
ಆ ಕಡೆ ಬಲ್ಬಿನ ಕೆಳಗ
ತೊಟ್ಟು ಬಿಡಿಸೋ ಹೆಂಗಸರು.
ಮೂರು ನಿಮಿಷ ಸುಮ್ಮನಿರ್ರೆವಾ, ಅಂದೆ.
ಇದ್ದರು ಪಾಪ, ಹನ್ನೊಂದು ಸಲ ಇದ್ದರು.
ಹನ್ನೊಂದನೇದು ಬಂಗಾರದಂಗ ಬರತಿತ್ತು,
ಹಾಲವ್ವ ಸೀನಿದಳು.
ಒಂದ.

ಒಂಟಿ ಸೀನು, ಕೆಲಸ ಕೆಟ್ಟಿತು, ಅಂದರು ಎಲ್ಲಾರೂ.
ಮತ್ತೊಮ್ಮೆ ಹಾಡು ಅಂದ್ರ ಅವನ ಗಂಟಲಾಗ ದನಿ ಇರಲಿಲ್ಲ,
ಬಾಗಿಲಾಗ ಲಾರಿ ಇತ್ತು.

ಶಕುನ ಗಿಕುನ ನಾ ನಂಬಾವಲ್ಲ.
ಕತ್ತರಿಸಾಕ ಕುಂತೆ.
ಸೀನು ತೆಗೆದರ ಅದರ ಕೆಳಗಿನ ಅವನ ಉಸಿರೂ ಹೋಗತೈತಿ,
ಉಸಿರು ಹೋದರ ಸಾಲು ಕುಂಟತೈತಿ.
ರಾತ್ರಿ ಎರಡರ ಸುಮಾರಿಗೆ
ಅದ ಸೀನನ್ನ ಇನ್ನೊಂದು ಪ್ರತಿ ತೆಗೆದು
ಬಾಜೂಕ ಅಂಟಿಸಿದೆ.
ಜೋಡಿ ಸೀನು ಶುಭ.
ಯಾರಿಗೂ ಹೇಳಲಿಲ್ಲ.

ಬಿಡುಗಡೆಯ ಫಾರ್ಮಿನ್ಯಾಗ ಪ್ರಶ್ನೆ ಬಹಳ.
ಭಾಷೆ ಯಾವುದು? ಪಟ್ಟಿಯಾಗ ಜಾರಿ ಜಾರಿ ಹೋಗಿ
ಕನ್ನಡ ಸಿಕ್ಕಿತು.
ಬೈಗುಳ ಐತೇನು? ಹೌದು, ಇಲ್ಲ.
ಬೆರಳು ನಿಂತಿತು.
ಎರಡನೇ ಸಾಲಿನ್ಯಾಗ ಮಂಗ್ಯಾನ ಮಗನ ಅಂತ ಬರತೈತಿ.
ಅವನ ಅವ್ವ ಅವನ್ನ ಊಟಕ್ಕ ಕರಿಯೋದು ಹಂಗ.
ನಮ್ಮ ಕಡೆ ಅದು ಬೈಗುಳಲ್ಲ, ವಿಳಾಸ.
ಇಲ್ಲ ಒತ್ತಿದೆ.

ಸಿಂಗಲ್ ಅಂದ್ರೇನೋ? ಅಂತ ಕೇಳಿದಳು ಅವ್ವ.
ಒಂದ ಹಾಡು ಬೇ, ಒಂಟೀಲೆ ಹೋಗೋದು.
ಅಷ್ಟು ದೂರ ಹೊಂಟೈತಿ ಅಂತೀಯ,
ಜೋಡಿಗೆ ಯಾರನ್ನಾರ ಕಳಸಬಾರದಾ?

ಗುರುವಾರದ ಟೆಂಡರ್ ಮುಗಿದ ರಾತ್ರಿ.
ಶಟರು ಅರ್ಧ ಇಳಿಸಿ, ಇಬ್ಬರ ನಡುವ ಒಂದು ಫೋನು.
ಹನ್ನೆರಡಾತು. ಏನೂ ಆಗಲಿಲ್ಲ.
ನಾಯಿ ಒಂದು ಒಳಗ ಇಣುಕಿ ಸೀನಿ ಹೋತು.
ಹನ್ನೆರಡೂ ಏಳಕ್ಕ ಬಂತು:
ಚೀಲ ಹೊತ್ತ ಬೆನ್ನಿನ ಚಿತ್ರ, ಕೆಳಗ ಅವನ ಹೆಸರು.
ಅವ ಹಾಡು ಹಚ್ಚಲಿಲ್ಲ.
ಹೆಸರನ್ನ ಎರಡು ಬೆರಳಿಲೆ ದೊಡ್ಡದು ಮಾಡಿ ನೋಡಿದ,
ಸಣ್ಣದು ಮಾಡಿದ,
ಮತ್ತ ದೊಡ್ಡದು.

ಮುಂಜಾನಿ ಹೊತ್ತಿಗೆ ನೂರಾ ಹದಿನೇಳು ಮಂದಿ ಕೇಳಿದ್ರು.
ಅದರಾಗ ನಲವತ್ತು ನಾನ.

ಶುಕ್ರವಾರ ಲೋಡಿಂಗು.
ಚೀಲದ ಮ್ಯಾಲೆ ಫೋನಿಟ್ಟು ಹಚ್ಚಿ, ಅವ ಬೆನ್ನು ಬಗ್ಗಿಸಿ ಹೋದ.
ಹೆಂಗಸರ ಕೈ ನಿಲ್ಲಲಿಲ್ಲ, ತಲಿ ಅಷ್ಟ ಆಡತಿದ್ದವು.
ತೊಟ್ಟು, ಕಾಯಿ, ತೊಟ್ಟು, ಕಾಯಿ,
ಆ ಜಾಗ ಬಂತು.

ಹಾಲವ್ವನ ಕೈ ನಿಂತಿತು.
ತಡಿಯೋ, ಹಿಂದಕ ಹಾಕು, ಅಂದಳು.
ಹಾಕಿದೆ.
ಮೂಗಿನ ಮ್ಯಾಲಿನ ಸೆರಗು ಇಳಿಸಿ ನನ್ನ ನೋಡಿದಳು:

ನಾ ಸೀನಿದ್ದು ಒಂದ.
ಎರಡನೇದು ಯಾಕಿದು?