ನಾಲ್ಕು ಬೆರಳು ಗಾಳಿ

ಮೊದಲು ತಂತಿಯ ಸುರುಳಿ ಬಿಚ್ಚಬೇಕು. ಅದು ಬಿಚ್ಚಗೊಡುವುದಿಲ್ಲ.
ಒಂದು ತುದಿಯ ಮೇಲೆ ಮಂಡಿಯೂರಿ ಇನ್ನೊಂದನ್ನು ಎಳೆದರೆ
ಸರಕ್ಕನೆ ತಿರುಗಿ ಮೊಣಕೈ ಗೀರುತ್ತದೆ.
ತೆಲೆಸ್ಫೋರ್ ಜಗಲಿಯಿಂದಲೇ ನಗುತ್ತಾನೆ,
ನಗು ಅರ್ಧಕ್ಕೆ ಕೆಮ್ಮಾಗುತ್ತದೆ.
‘ಕ್ಲೆಲೀ, ಅದಕ್ಕೆ ಅಂಗಡಿಯ ನೆನಪಿನ್ನೂ ಹೋಗಿಲ್ಲ ಕಣೇ.
ಬಿಸಿಲಿಗೆ ಹಾಸು, ಇಟ್ಟಿಗೆ ಹೇರು,
ಉಂಡು ಬಾ. ಆಮೇಲೆ ಮಾತಾಡಿಸು.’

ಅವನು ನನ್ನಪ್ಪನಲ್ಲ, ಅಮ್ಮ ಕಟ್ಟಿಕೊಂಡವನು.
ನನಗಾಗ ಒಂಬತ್ತು. ಒಂದು ಚಪ್ಪಟೆ ದೋಣಿ, ಎರಡು ಪ್ಯಾಂಟು,
ಕಾಫಿ ಡಬ್ಬಿಯ ತುಂಬ ಹಂದಿಮೂಗಿಗೆ ಹಾಕುವ ಉಂಗುರ,
ಇಷ್ಟು ಹೊತ್ತು ನಮ್ಮ ಬೈಯೂ ದಡಕ್ಕೆ ಬಂದ.
ಆ ಉಂಗುರದಲ್ಲೇ ಬೋನಿನ ಮೂಲೆ ಹೊಲಿಯುವುದು,
ಇಕ್ಕಳದಲ್ಲಿ ಒಮ್ಮೆ ಒತ್ತಿ, ಒಮ್ಮೆ ತಿರುವಿ.
ಅಮ್ಮ ಹೋಗಿ ಆರು ವರ್ಷ.
ಡಬ್ಬಿ ಇನ್ನೂ ಬರಿದಾಗಿಲ್ಲ.

ಉದ್ದ ಎರಡು ಮೊಳ, ಅಗಲ ಒಂದು.
ಮೊಳವೆಂದರೆ ಅವನದೇ ಮೊಳ; ಟೇಪು ಮುಟ್ಟಿದವನಲ್ಲ.
ಈಗ ಆ ತೋಳು ಚಾಚಿದರೆ ತೋಳಿನ ಎಲುಬು ಕಾಣುತ್ತದೆ.
‘ನಿನ್ನದರಲ್ಲೇ ಅಳೆ,’ ಅಂದ, ಬೇರೆಲ್ಲೋ ನೋಡುತ್ತ.

ಕೊರಳು ಕಷ್ಟದ ಕೆಲಸ.
ಹೊರಗೆ ತಟ್ಟೆಯಗಲ, ಒಳಗೆ ಅಂಗೈಯಗಲ,
ಕೊನೆಯ ತಂತಿಗಳನ್ನು ಕತ್ತರಿಸಿ ಮಡಚದೆ
ಒಳಮುಖವಾಗಿ ಹಾಗೇ ಬಿಡಬೇಕು.
ಬರುವಾಗ ಬೆನ್ನು ಸವರಿ ಬಾ ಅನ್ನುತ್ತವೆ,
ಹೋಗುವಾಗ ಕಣ್ಣಿಗೇ ನೆಟ್ಟು ನಿಲ್ಲುತ್ತವೆ.
ಬುತ್ತಿ ಅಂದರೆ ಕೋಳಿಕತ್ತು, ಮುಚ್ಚಿದ ತಗಡಿನ ಡಬ್ಬಿಯಲ್ಲಿ.
ಮೊಳೆಯಿಂದ ಮೂರೇ ತೂತು:
‘ವಾಸನೆ ಊರೆಲ್ಲ ಹೋಗಲಿ, ಊಟ ಮನೆಯಲ್ಲೇ ಇರಲಿ.’

ಕೊನೆಗೆ ಬಾಟಲಿಗಳು. ಬಟ್ಟೆ ಬಿಳಿ ಮಾಡುವ ನೀರಿನವು, ಖಾಲಿ,
ಬಿರಡೆಗೆ ಮೇಣ. ಎರಡು ಈ ಕಡೆ, ಎರಡು ಆ ಕಡೆ.
ಬೋನಿನ ನೆತ್ತಿ ನೀರಿನ ಮೇಲೆ ನಾಲ್ಕು ಬೆರಳು ನಿಲ್ಲಬೇಕು.
ಆಮೆ ಮೀನಲ್ಲ; ಮೂಗು ಮೇಲೆತ್ತಲು ಅದಕ್ಕೆ ಜಾಗ ಬೇಕು.

ಇದನ್ನು ಅವನು ಹೇಳಿದ್ದು ಒಂದೇ ಸಲ.
ಹಡಗುಕಟ್ಟೆಯಲ್ಲಿ ಎರಡೆರಡು ಪಾಳಿ ನಡೆದ ವರ್ಷ,
ಮರಳು ಚಿಮ್ಮಿಸಿ ಹಡಗಿನ ತುಕ್ಕು ಕೆರೆಯುವ ಕೆಲಸ,
ಬಾಯಿಗೆ ಕಟ್ಟಿದ್ದು ಕರ್ಚೀಫು ಮಾತ್ರ.
ಬೋನು ಇಟ್ಟದ್ದು ಮರೆತ. ಮೂರು ದಿನ.
ಮೇಲೆಲ್ಲೋ ಮಳೆಯಾಗಿ ನೀರು ಏರಿತು,
ಹಗ್ಗ ಗಿಡ್ಡ, ಬೋನು ಏರಲಿಲ್ಲ.
ಒಳಗೆ ಹನ್ನೊಂದು.
ಹನ್ನೊಂದೂ ಮೇಲಿನ ತಂತಿಗೆ ಮೂಗು ಒತ್ತಿಕೊಂಡು.

ಸಾರು ಮಾಡಲಿಲ್ಲ. ಅಂಜೂರದ ಬುಡಕ್ಕೆ ಹೂತ.
ಮರುವರ್ಷ ಮರ ಮೈತುಂಬ ಕಾಯಿ ಬಿಟ್ಟಿತು,
ಅಮ್ಮ ಸಕ್ಕರೆಪಾಕ ಹಾಕಿ ಇಪ್ಪತ್ತು ಜಾಡಿ ತುಂಬಿಸಿದಳು.
ಅವನು ಒಂದು ಚಮಚ ಮುಟ್ಟಲಿಲ್ಲ.
ನಾವು ತಿಂದೆವು. ಚೆನ್ನಾಗಿತ್ತು.

ಈಗ ಜಗಲಿಯಲ್ಲಿ ಯಂತ್ರ ಗುಂಯ್‌ಗುಡುತ್ತದೆ.
ಮೂಗಿಗೆ ಸಿಕ್ಕಿಸಿದ ಕೊಳವೆ ಮೆಟ್ಟಿಲಿನ ತನಕ ಬರುತ್ತದೆ,
ಮೆಟ್ಟಿಲು ಇಳಿಯುವುದಿಲ್ಲ.
ಅಲ್ಲಿ ನಿಂತು ನಾನು ದೋಣಿ ನೂಕುವುದನ್ನು ನೋಡುತ್ತಾನೆ,
ಸೈಪ್ರೆಸ್ ಮರಗಳ ನಡುವೆ ನಾನು ಮರೆಯಾಗುವ ತನಕ,
ಅದರಾಚೆಗೆ ಯಂತ್ರದ ಸದ್ದೊಂದು ನೋಡುತ್ತಿರುತ್ತದೆ.

ಬೆಳಗ್ಗೆ ಒಂದೇ ಇತ್ತು. ದೊಡ್ಡದು, ಬೆನ್ನ ಮೇಲೆ ಪಾಚಿ,
ಮೂಗಿನ ಎರಡು ಚುಕ್ಕೆ ಗಾಳಿಯಲ್ಲಿ.
ಪೊರಕೆ ಹಿಡಿ ಕೊಟ್ಟೆ, ಕಚ್ಚಿತು, ಬಿಡಲೇ ಇಲ್ಲ;
ಹಿಡಿ ಸಮೇತ ಗೋಣಿಗೆ ತುಂಬಿ ತಂದೆ.
ತೆಲೆಸ್ಫೋರ್ ಬಾಗಿ ನೋಡಿದ. ಬಹಳ ಹೊತ್ತು.

‘ಎಷ್ಟು ಗಾಳಿ ಬಿಟ್ಟಿದ್ದೆ?’
‘ನಾಲ್ಕು ಬೆರಳು.’
‘ಯಾರ ಬೆರಳು?’
‘ನನ್ನವು.’
‘ಮುಂದಿನ ಸಲ ಐದು ಬಿಡು.
ನಿನ್ನ ಬೆರಳು ಸಣ್ಣ.’
ಆಮೇಲೆ, ಉಸಿರು ಕೂಡಿಸಿಕೊಂಡು,
ಈರುಳ್ಳಿ ಹೆಚ್ಚು ಅಂದ.
ಹೆಚ್ಚಿದೆ.