ಮೂರನೆಯ ಹೆಸರು

ನಲವತ್ತೊಂದು ಅರ್ಜಿ, ವಿದ್ಯಾರ್ಥಿವೇತನ ಎರಡೇ.
ಹಲ್ಲಿದೆ ನಲವತ್ತೊಂದು ಬಾಯಿಗೂ, ಕಡಲೆ ಎರಡು ಕಾಳು.
ಕಾರ್ಡಿಫಿನ ಈ ಮೂರನೇ ಮಹಡಿಯಲ್ಲಿ ಹೀಟರು ಕೆಮ್ಮುತ್ತಿದೆ,
ಬಿಸ್ಕತ್ತಿನ ತಟ್ಟೆ ಕೈಯಿಂದ ಕೈಗೆ ದಾಟಿ
ನನ್ನ ಮುಂದೆ ಬಂದಾಗ ಪುಡಿ ಮಾತ್ರ.
ನಾವು ಐವರು. ನಮ್ಮಲ್ಲಿ
ಬಿಳಿಯರಲ್ಲದವರ ಚೌಕಕ್ಕೆ ಗೀಟು ಹಾಕುವವಳು ನಾನೊಬ್ಬಳೇ;
ಅದಕ್ಕೇ ಕರೆದಿದ್ದಾರೆಂದು ನನಗೂ ಗೊತ್ತು, ಅವರಿಗೂ.

ಹದಿನೇಳನೆಯ ಅರ್ಜಿ: ಸಗಲ್ ವರ್ಸಮೆ, ಬ್ಯೂಟ್‌ಟೌನ್.
ವಿಷಯ: ಸೆವರ್ನ್ ಅಳಿವೆಯ ಕೆಸರು.
ಇಳಿತದ ಹೊತ್ತಿಗೆ ಮೊಣಕಾಲುದ್ದ ಬೂಟು ತೊಟ್ಟು
ಕೊಳವೆ ನೆಟ್ಟು ಎತ್ತುತ್ತಾಳೆ ಕೆಸರಿನ ಕಂಬ,
ಪದರ ಪದರ ಬಿಡಿಸುತ್ತಾಳೆ ಈರುಳ್ಳಿಯಂತೆ.
ಇದು ಸೀಸ, ಇದು ಸತು, ಇಲ್ಲಿ, ಒಂದು ಗೇಣು ಕೆಳಗೆ,
ಕಲ್ಲಿದ್ದಲ ಕಪ್ಪು.
ಆ ಕಪ್ಪನ್ನು ಹಡಗಿನ ಹೊಟ್ಟೆಗೆ ಸಲಿಕೆಯಲ್ಲಿ ಉಣಿಸಿದವರಲ್ಲಿ
ಒಬ್ಬ ಅವಳ ಮುತ್ತಜ್ಜ, ಬೆರ್ಬೆರಾದಿಂದ ಬಂದವನು.
ಇದನ್ನವಳು ಅರ್ಜಿಯಲ್ಲಿ ಬರೆದಿಲ್ಲ.
ಸಂದರ್ಶನದಲ್ಲಿ ಯಾರೋ "ಮೂಲ ಎಲ್ಲಿಯದು?" ಎಂದಾಗ
"ಇಪ್ಪತ್ತೆರಡು ಸೆಂಟಿಮೀಟರ್ ಕೆಳಗೆ" ಅಂದಳು,
ಆಮೇಲೆ ಬಿಡಿಸಿ ಹೇಳಿದಳು.
ಮೊದಲೇ ನಕ್ಕವಳು ನಾನೊಬ್ಬಳು.

ಫಾರಮ್ಮು ಕೇಳುತ್ತದೆ:
ನಿಮ್ಮ ಅನನುಕೂಲಗಳನ್ನು ಮುನ್ನೂರು ಪದ ಮೀರದಂತೆ ವಿವರಿಸಿ.
ನೂರಾ ಹನ್ನೆರಡರಲ್ಲಿ ಮುಗಿಸಿದ್ದಾಳೆ.
ರಾತ್ರಿ ಹತ್ತರಿಂದ ಆರರವರೆಗೆ ಬ್ರೆಡ್ಡಿನ ಕಪಾಟು ತುಂಬುವ ಕೆಲಸ,
ಪಾಳಿಗೂ ಸಮುದ್ರಕ್ಕೂ ತಾಳೆಯಾಗದ ವಾರಗಳು.
ಅಷ್ಟೆ. ಅಳು ಇಲ್ಲ.
ಮಿಕ್ಕ ನೂರಾ ಎಂಬತ್ತೆಂಟು ಪದಗಳ ಖಾಲಿ ಜಾಗವನ್ನೇ
ಎರಡೆರಡು ಸಲ ಓದಿದೆ ನಾನು.

ಗೊತ್ತು ನನಗೆ ಆ ಖಾಲಿ ಜಾಗ.
ರಾಯಚೂರಿನ ತಾಲ್ಲೂಕು ಕಚೇರಿಯ ಕಿಟಕಿ,
ಜಾತಿ ಪ್ರಮಾಣಪತ್ರಕ್ಕೆ ಮೂರನೇ ಸಲ ಹೋದ ನನ್ನವ್ವ,
"ಇನ್ನೊಮ್ಮೆ ಜೋರ್ಲೆ ಹೇಳವಾ, ಯಾವ ಜಾತಿ?"
ಸಾಲೆಲ್ಲ ಕೇಳುವ ಹಾಗೆ ಹೇಳಿ
ತಿಂಗಳಿಗೆ ಎಪ್ಪತ್ತೈದು ರೂಪಾಯಿ ತಂದುಕೊಟ್ಟಳು ನನಗೆ.
ಆ ದುಡ್ಡಲ್ಲಿ ಕೊಂಡ ಲಾಗ್ ಟೇಬಲ್ಲು
ಇಲ್ಲೇ ಇದೆ, ಡ್ರಾಯರಿನಲ್ಲಿ, ಹೊದಿಕೆ ಹರಿದು.

ಪ್ರೊಫೆಸರ್ ಪ್ರಿಚರ್ಡ್ ಒಳ್ಳೆಯವರು,
ನನ್ನ ಹೆಸರನ್ನು ಸರಿಯಾಗಿ ಹೇಳಲು ಕಲಿತವರು.
ಮೆಲ್ಲಗೆಂದರು: "ಪ್ರತಿಭೆಯ ವಿಷಯದಲ್ಲಿ ರಾಜಿಯಾಗಬಾರದಲ್ಲವೆ?"
ಇಪ್ಪತ್ತಾರು ವರ್ಷ, ಐದು ಸಾವಿರ ಮೈಲಿ.
ಆ ಪದಕ್ಕೆ ವೀಸಾ ಬೇಕಾಗಿರಲಿಲ್ಲ,
ನನಗಿಂತ ಮೊದಲೇ ಬಂದು ಕುರ್ಚಿ ಎಳೆದು ಕೂತಿತ್ತು.

ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿ.
ಮೊದಲ ಹೆಸರು ಸ್ಪ್ಲಾಟ್‌ನ ಬಂಗಾಳಿ ಹುಡುಗ, ರಕ್ತದ ಕಾಯಿಲೆ.
ಎರಡನೆಯದು ನ್ಯೂಪೋರ್ಟಿನವಳು, ಅಜ್ಜಿ ಜಮೈಕಾದವಳು,
ಸೇತುವೆಯ ಉಕ್ಕು ಹೇಗೆ ದಣಿಯುತ್ತದೆಂದು ಕೇಳುವವಳು.
ಇಬ್ಬರೂ ಯೋಗ್ಯರೇ, ಅದೇ ಕಷ್ಟ.
ಬೈಯಲು ಯಾರೂ ಸಿಗದ ಸೋಲು
ಗಂಟಲಲ್ಲಿ ಮೀನಿನ ಮುಳ್ಳು.
ಮೂರನೆಯ ಹೆಸರು ಸಗಲ್. ಅರ್ಧ ಅಂಕ.

ಯಾರೂ ಇಲ್ಲವೆ?
ನಲವತ್ತೊಂದು ಮಂದಿಯನ್ನು ಒಂದೇ ತಟ್ಟೆಯ ಸುತ್ತ ಕೂರಿಸಿ
ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಮಾಡಿದ್ದಾರೆ.
ಚೌಕವೇ ಇಲ್ಲದ ಎಪ್ಪತ್ತು ವೇತನಗಳು
ಅಂದು ಬೆಳಿಗ್ಗೆಯೇ, ಪಕ್ಕದ ಕೋಣೆಯಲ್ಲಿ,
ಸದ್ದಿಲ್ಲದೆ ಹಂಚಿಹೋಗಿದ್ದವು.

ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.
"ವಿಷಾದದಿಂದ" ಎಂದು ಬರೆದೆ, ಅಳಿಸಿದೆ.
"ಸ್ಪರ್ಧೆ ಬಹಳ ಬಿಗಿಯಾಗಿತ್ತು", ಅದನ್ನೂ.
ಕೊನೆಗೆ ಕಳಿಸಿದ್ದು ಎಲ್ಲರೂ ಕಳಿಸುವುದನ್ನೇ.

ಬೆಳಗಿನ ಆರೂಕಾಲಿಗೆ ಉತ್ತರ, ಪಾಳಿ ಮುಗಿದ ಮೇಲೆ:
"ಥ್ಯಾಂಕ್ಸ್. ಮುಂದಿನ ವರ್ಷದ ಕೊನೆಯ ದಿನಾಂಕ ಯಾವುದು?
ಇವತ್ತು ಇಳಿತ ಏಳೂ ನಲವತ್ತಕ್ಕೆ, ಓಡಬೇಕು."

ಚಹಾ ಆರಿತ್ತು. ಕ್ಯಾಲೆಂಡರು ತೆರೆದು ಹುಡುಕಿದೆ.
ಮುಂದಿನ ವರ್ಷ ಉಂಟೋ ಇಲ್ಲವೋ
ಇನ್ನೂ ಯಾರೂ ಗೊತ್ತುಮಾಡಿರಲಿಲ್ಲ.