ಅಗುಳಿ

ಪುಂತಾ ಅರೆನಾಸಿನಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ
ಜನ ಹಿಡಿದುಕೊಂಡು ದಾಟಲಿ ಎಂದು.
ನಾನು ಅಲ್ಲಿಯವಳು. ನಮ್ಮ ಮನೆಯ ಕದವನ್ನು
ಯಾರೂ ಮುಚ್ಚಿದ್ದು ನೆನಪಿಲ್ಲ, ಗಾಳಿಯೇ ಬಡಿದು ಹಾಕುತ್ತಿತ್ತು.
ಅಮ್ಮ ಸಂದಿಗೆ ಅಪ್ಪನ ಹಳೆಯ ಬೂಟು ಸಿಕ್ಕಿಸುತ್ತಿದ್ದಳು.

ಈಗ ಸಾಂಟಿಯಾಗೊದ ಒಂದು ನೆಲಮಾಳಿಗೆ,
ಹನ್ನೊಂದು ವರ್ಷದಿಂದ ನನ್ನ ಕಸುಬೂ ಕದದ್ದೇ.
ಬಸಿರೊಳಗಿನ ಮಗುವಿಗೆ ಉಸಿರಿನ ಗೊಡವೆ ಇಲ್ಲ.
ಶ್ವಾಸಕೋಶದ ಕಡೆ ಹೊರಟ ನೆತ್ತರು
ಕಡಲೇಬೀಜದುದ್ದದ ಓಣಿಯೊಂದನ್ನು ಹಿಡಿದು
ಅಡ್ಡದಾರಿಯಲ್ಲಿ ಮೈಗೆ ಮರಳುತ್ತದೆ.
ಹುಟ್ಟಿ, ಮೊದಲ ಸಲ ಅತ್ತು, ಗಾಳಿ ಒಳಹೊಕ್ಕ ಮೇಲೆ
ಆ ಓಣಿಯ ಗೋಡೆಯ ಕೋಶಗಳು
ಒಂದನ್ನು ನೋಡಿ ಒಂದು ಮೈ ಹಿಂಡಿಕೊಳ್ಳುತ್ತವೆ.
ಎರಡು ಮೂರು ದಿನ. ಅಗುಳಿ ಬಿತ್ತು.
ಯಾರು ಹೇಳಿದರು ಅವಕ್ಕೆ?
ಅನುದಾನದ ಅರ್ಜಿಯಲ್ಲಿ ಇದನ್ನೇ
ಹದಿನಾಲ್ಕು ಪುಟ ಎಳೆದು ಬರೆದಿದ್ದೇನೆ.

ಮಂಗಳವಾರ ರಾತ್ರಿ ಎರಡಕ್ಕೆ ಎರ್ಮೆಲಿಂದಾಳ ಫೋನು.
ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು,
ಅವಳು ಅಲ್ಲೇ ಉಳಿದಳು, ನವಜಾತರ ವಾರ್ಡಿನಲ್ಲಿ ನರ್ಸಾಗಿ.
"ಯಾಸ್ನಾ ಬಾರ್ರಿಯಾಳ ಮಗು. ಹೆಣ್ಣು. ತುಟಿ ನೇರಳೆ.
ಹೃದಯದಿಂದ ಹೊರಡುವ ದೊಡ್ಡ ನಾಳ ಎರಡೂ ಅದಲುಬದಲು.
ಓಣಿ ತೆರೆದಿರುವ ತನಕ ಮಗು.
ಮದ್ದು ಹನಿಸುತ್ತಿದ್ದೇವೆ. ವಿಮಾನ ನಿಂತಿದೆ,
ಗಾಳಿ ಇಳಿಯಬೇಕಷ್ಟೆ."
ನಿನ್ನ ಹತ್ತಿರ ಹೊಸತೇನಾದರೂ ಇದೆಯಾ
ಎಂದು ಕೇಳಲಿಲ್ಲ.
ಕೇಳಲಿಲ್ಲವೆಂದೇ ನನಗೆ ನಾಚಿಕೆಯಾಯಿತು.

ಅದೇ ರಾತ್ರಿ ನೋಡಿ, ನನ್ನ ಗಾಜಿನ ತಟ್ಟೆಯಲ್ಲಿ
ವರ್ಷವಿಡೀ ಸತಾಯಿಸಿದ ಕೋಶಗಳು
ಮೊದಲ ಸಲ ಹೇಳಿದ ಮಾತು ಕೇಳಿದವು.
ಆಮ್ಲಜನಕ ಏರಿಸಿದಂತೆ ಹಿಂಡಿಕೊಂಡವು, ಅಚ್ಚುಕಟ್ಟಾಗಿ.
ಸಹಾಯಕ ಹುಡುಗ ಎಲಿಸೆಯೊ ಎರಡು ಸುತ್ತು ಕುಣಿದ.
ನಾನೂ ನಕ್ಕೆ.
ಆಮೇಲೆ ಗಡಿಯಾರ ನೋಡಿದೆ.
ಇಲ್ಲಿ ಗೆದ್ದದ್ದು ಅಲ್ಲಿ ಗೆಲ್ಲಬಾರದು,
ಈ ಹೊತ್ತಿಗೆ ಬೇಡ, ಈ ಆಕಾಶದಲ್ಲಿ ಬೇಡ.

ಆ ಮದ್ದಿಗೊಂದು ಕೆಟ್ಟ ಚಾಳಿ:
ಕದ ತೆರೆದಿಡುತ್ತ ಇಡುತ್ತ ಮಗುವಿಗೆ
ಉಸಿರಾಡುವುದನ್ನೇ ಮರೆಸಿಬಿಡುತ್ತದೆ.
ಆಗ ಅಂಗಾಲಿಗೆ ಬೆರಳು ಚಿಮ್ಮಬೇಕು.
ನಾಲ್ಕು ಗಂಟೆಯ ದಾರಿ. ಕೆಳಗೆ ಹಿಮನದಿಗಳು,
ಮೈಲುಗಟ್ಟಲೆ ಒಂದು ದೀಪವೂ ಇಲ್ಲದ ಕತ್ತಲು.
ಎಷ್ಟು ಸಲ ಚಿಮ್ಮಿದೆ ಎಂದೆ, ಎಷ್ಟೋ ದಿನದ ಮೇಲೆ.
"ಲೆಕ್ಕ ಯಾರಿಟ್ಟರು?
ಹೊರಡುವ ಮುಂಚೆ ಉಗುರು ಕತ್ತರಿಸಿಕೊಂಡಿದ್ದೆ,
ಪುಣ್ಯ."

ಎಂಟನೆಯ ದಿನ ಮಧ್ಯಾಹ್ನ ಐಸು ತುಂಬಿದ ಡಬ್ಬಿ ಬಂತು.
ಮೇಲಿನ ಮಹಡಿಯಲ್ಲಿ ನಾಳಗಳನ್ನು ಅವುಗಳ ಜಾಗಕ್ಕೆ ಹೊಲಿದು,
ಇನ್ನು ಬೇಡವಾದ ಓಣಿಯನ್ನು
ಎರಡೂ ಕಡೆ ಕಟ್ಟಿ, ನಡುವೆ ಕತ್ತರಿಸಿ,
ತಾಯಿಯ ಸಹಿ ಪಡೆದು ಕಳಿಸಿದ್ದರು.
ಹೆಸರು ನನ್ನವರೆಗೆ ಬರುವುದಿಲ್ಲ. ಸಂಖ್ಯೆ: ನಲವತ್ತೇಳು.
ನಲವತ್ತೇಳು ಯಾರೆಂದು ನನಗೆ ಗೊತ್ತಿರಬಾರದು.

ತಟ್ಟೆಯಲ್ಲಿಟ್ಟೆ.
ಅಂಟಿದ ಮದ್ದನ್ನು ಮೂರು ಸಲ ತೊಳೆದೆ.
ಆಮ್ಲಜನಕ ಬಿಟ್ಟೆ.

ಮೈಯೇ ಇಲ್ಲದ ಆ ಚೂರು
ಎಂಟು ದಿನ ಹಿಡಿದು ನಿಲ್ಲಿಸಿದ್ದ ಕೆಲಸವನ್ನು
ಯಾರ ಅಪ್ಪಣೆಗೂ ಕಾಯದೆ
ಮೆಲ್ಲಗೆ ಶುರುಮಾಡಿತು,
ಒಂದು ಅಂಚು
ಇನ್ನೊಂದು ಅಂಚಿನತ್ತ.

ಎಲಿಸೆಯೊ ಪೆನ್ನು ತೆಗೆದ. ಅಳತೆ ಬರೆದುಕೊಳ್ಳಲಾ?
ಇರೋ, ಎಂದೆ.
ಪಾಪ, ಅದು ಮೊದಲು ಮುಚ್ಚಿಕೊಳ್ಳಲಿ.